ಕಾರಿನೊಳಗೆ ಎಲ್‌ಇಡಿ ಲೈಟು: ಹಳೆ ಬಲ್ಬಿನ ವ್ಯಾಟಿನೊಳಗೇ ಮುಗಿಸುವ ದಾರಿ

ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಬಯಲಾಟ. ಬೆಳಗ್ಗೆ ಆರಕ್ಕೆ ಮಂಗಳ ಹಾಡಿ ಆಯಿತು, ನಿದ್ದೆಗಣ್ಣಲ್ಲಿ ಬಂದು ಕಾರಿನ ಕೀ ತಿರುಗಿಸಿದರೆ ಟಿಕ್ ಟಿಕ್ ಟಿಕ್. ಅಷ್ಟೇ. ಬಗ್ಗಿ ನೋಡಿದರೆ ಡ್ಯಾಶ್‌ಬೋರ್ಡಿನ ಕೆಳಗೆ ನೀಲಿ ಲೈಟು ಸಾಯಲೋ ಬದುಕಲೋ ಅನ್ನುವ ಹಾಗೆ ಉರಿಯುತ್ತಿತ್ತು. ಹಿಂದಿನ ತಿಂಗಳಷ್ಟೇ ಒಂದು ಅಂಗಡಿಯಲ್ಲಿ ಎರಡು ಮೀಟರ್ ಎಲ್‌ಇಡಿ ಸ್ಟ್ರಿಪ್ ಹಾಕಿಸಿದ್ದೆ. ಸ್ವಿಚ್ಚನ್ನು ಮೊಣಕಾಲಿಗೆ ತಾಗುವ ಕಡೆ ಕೂರಿಸಿದ್ದರು. ಇಳಿಯುವಾಗ ಯಾರದ್ದೋ ಕಾಲು ತಾಗಿ ಆನ್ ಆಗಿದೆ. ರಾತ್ರಿಯಿಡೀ ಅಡಿಕೆ ತೋಟದ ಬದಿಯಲ್ಲಿ ಕಾರು ನೀಲಿಯಾಗಿ ಹೊಳೆಯುತ್ತಿತ್ತು. ನೋಡಿದವರು ಡೆಕೊರೇಷನ್ ಅಂದುಕೊಂಡಿರಬೇಕು.

ನಾಲ್ಕು ಜನ ಸೇರಿ ತಳ್ಳಿದರು, ನಾನು ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ, ಸ್ಟಾರ್ಟ್ ಆಯಿತು. ಭಾವ ಹಿಂದಿನ ಸೀಟಲ್ಲಿ ಕೂತು, "ಲೈಟು ಚಂದ ಉಂಟು ಭಾವ, ಕಾರು ಮಾತ್ರ ಹೋಗುದಿಲ್ಲ ಅಲ್ವಾ?" ಅಂದ. ಮನೆ ಮುಟ್ಟುವವರೆಗೂ ಅದೇ ಮಾತು.

ಲೆಕ್ಕ ಆಮೇಲೆ ಹಾಕಿದೆ. ಮೀಟರಿಗೆ 60 ಎಲ್‌ಇಡಿ ಇರುವ 5050 (ಎಲ್‌ಇಡಿಯ ಅಳತೆಯ ಹೆಸರು) ಸ್ಟ್ರಿಪ್ ಮೀಟರಿಗೆ 14.4 ವ್ಯಾಟ್ ಎಳೆಯುತ್ತದೆ. 12 ವೋಲ್ಟಿನಲ್ಲಿ ಅದು 1.2 ಆಂಪಿಯರ್. ಎರಡು ಮೀಟರಿಗೆ 2.4. ಒಂಬತ್ತು ಗಂಟೆಗೆ ಸುಮಾರು 22 ಆಂಪಿಯರ್ ಅವರ್. ನನ್ನ ಸಣ್ಣ ಕಾರಿನ ಬ್ಯಾಟರಿಯೇ 35, ಅದೂ ಮೂರು ವರ್ಷ ಹಳೆಯದು. ಇನ್ನು ಸ್ಟಾರ್ಟ್ ಹೇಗೆ ಆಗಬೇಕು?

ಆಮೇಲೆ ಅದನ್ನೆಲ್ಲ ಕಿತ್ತು, ನಾನೇ ಕೂತು ಬೇರೆ ಮಾಡಿಕೊಂಡೆ. ಈಗ ರೂಫ್ ಲೈಟು ಮೊದಲಿಗಿಂತ ಎರಡು ಪಾಲು ಬೆಳಕು ಕೊಡುತ್ತದೆ. ಬಾಗಿಲು ತೆಗೆದರೆ ಕಾಲಿನ ಹತ್ತಿರವೂ ಬೆಳಕು ಬರುತ್ತದೆ, ಮುಚ್ಚಿದರೆ ತಾನಾಗಿ ಹೋಗುತ್ತದೆ. ಕಂಪನಿ ಹಾಕಿದ್ದ ಬಲ್ಬು ಎಳೆಯುತ್ತಿದ್ದ ಕರೆಂಟಿಗಿಂತ ಜಾಸ್ತಿ ಏನೂ ಎಳೆಯುವುದಿಲ್ಲ. ಆ ಕೆಲಸ ಹೇಗೆ ಅಂತ ಇಲ್ಲಿ ಬರೆಯುತ್ತೇನೆ. ಒಂದು ಭಾನುವಾರದ ಬೆಳಗ್ಗೆ ಸಾಕು.

ಮೊದಲು ಹಳೆ ಬಲ್ಬು ಬಿಚ್ಚಿ

ಅಂಗಡಿಗೆ ಹೋಗುವ ಮೊದಲು ರೂಫ್ ಲೈಟಿನ ಬಲ್ಬನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಿ. ಹೆಸರಿನ ಗೊಂದಲ ಬೇಡ, ಹಳೆ ಬಲ್ಬು ತೋರಿಸಿದರೆ ಮಲಯಾಳದಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಅದೇ ಸಿಗುತ್ತದೆ.

ಮುಖ್ಯವಾಗಿ ಎರಡು ಜಾತಿ. ಒಂದು, ಸಣ್ಣ ಗಾಜಿನ ಕೊಳವೆ, ಎರಡೂ ತುದಿಗೆ ಚೂಪಾದ ಲೋಹದ ಟೊಪ್ಪಿ. ಹಳೆ ಕಾಲದ ಗ್ಲಾಸ್ ಫ್ಯೂಸಿನ ಹಾಗೆ ಕಾಣುತ್ತದೆ. ಇದು 31, 36, 39, 41 ಮಿಲಿಮೀಟರ್ ಹೀಗೆ ಬೇರೆ ಬೇರೆ ಉದ್ದಕ್ಕೆ ಬರುತ್ತದೆ. ಸ್ಕೇಲಿಟ್ಟು ತುದಿಯಿಂದ ತುದಿಗೆ ಅಳೆಯಿರಿ. ಎರಡು ಮಿಲಿಮೀಟರ್ ಆಚೀಚೆ ಆದರೆ ಕ್ಲಿಪ್ಪನ್ನು ಸ್ವಲ್ಪ ಒತ್ತಿಯೋ ಅಗಲಿಸಿಯೋ ಸುಧಾರಿಸಬಹುದು, ಐದು ಆದರೆ ಆಗದು. ಇನ್ನೊಂದು, ಟೊಪ್ಪಿ ಇಲ್ಲದೆ ಬರಿ ಗಾಜೇ ಚಪ್ಪಟೆಯಾಗಿ ಹೋಲ್ಡರಿಗೆ ಹೋಗುವ ಬಲ್ಬು. ಇದು ಟಿ10. ನಮ್ಮ ಕಡೆಯ ಅಂಗಡಿಗಳಲ್ಲಿ ಪಾರ್ಕಿಂಗ್ ಬಲ್ಬು ಅಂದರೂ ಇದನ್ನೇ ಕೊಡುತ್ತಾರೆ.

ಬಲ್ಬಿನ ಮೇಲೆ 12ವಿ 5ಡಬ್ಲ್ಯೂ ಅಥವಾ 10ಡಬ್ಲ್ಯೂ ಅಂತ ಅಚ್ಚಾಗಿರುತ್ತದೆ. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಅದರ ಮೇಲೆ.

ಲೈಟಿನ ಮುಚ್ಚಳ ತೆಗೆಯುವಾಗ ಅವಸರ ಮಾಡಬೇಡಿ. ಹತ್ತು ವರ್ಷ ಬಿಸಿಲು ತಿಂದ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ. ಸ್ಕ್ರೂಡ್ರೈವರ್ ತುರುಕುವುದು ಬೇಡ, ಹಳೆ ಎಟಿಎಂ ಕಾರ್ಡು ಸಾಕು. ಮುಚ್ಚಳದ ಸುತ್ತ ಕಾರ್ಡಿನ ಮೂಲೆಯನ್ನು ಮೆಲ್ಲ ಆಡಿಸುತ್ತ ಹೋದರೆ ಒಂದು ಕಡೆ ಸ್ವಲ್ಪ ಸಡಿಲ ಇದೆ ಅಂತ ಕೈಗೇ ಗೊತ್ತಾಗುತ್ತದೆ. ಅಲ್ಲಿ ಒತ್ತಿದರೆ ಟಕ್ ಅಂತ ಬರುತ್ತದೆ. ಲೈಟು ಉರಿಯುತ್ತಿದ್ದರೆ ಆರಿಸಿ ಐದು ನಿಮಿಷ ಬಿಡಿ, ಬಲ್ಬು ಬೆರಳು ಸುಡುವಷ್ಟು ಬಿಸಿ ಇರುತ್ತದೆ.

ಸ್ಕ್ರೂಡ್ರೈವರ್ ಬೇಡ ಅಂದದ್ದಕ್ಕೆ ಇನ್ನೊಂದು ಕಾರಣವೂ ಉಂಟು. ರೂಫ್ ಲೈಟಿಗೆ ಕೀ ತೆಗೆದರೂ ಪ್ಲಸ್ ಬರುತ್ತಲೇ ಇರುತ್ತದೆ. ಕಬ್ಬಿಣದ ತುದಿ ಪ್ಲಸ್ ಕ್ಲಿಪ್ಪಿಗೂ ಮೇಲಿನ ತಗಡಿಗೂ ಒಟ್ಟಿಗೆ ತಾಗಿದರೆ ಒಂದು ಕಿಡಿ, ಫ್ಯೂಸ್ ಹೋಯಿತು. ಹಲವು ಕಾರುಗಳಲ್ಲಿ ಅದೇ ಫ್ಯೂಸಿನಿಂದ ಸ್ಟೀರಿಯೊ, ಗಡಿಯಾರ ಎಲ್ಲ ಹೋಗಿರುತ್ತದೆ. ಹಾಗಾಗಿ ಬಾನೆಟ್ ತೆಗೆದು 10 ಎಂಎಂ ಸ್ಪ್ಯಾನರಿನಿಂದ ಬ್ಯಾಟರಿಯ ಮೈನಸ್ ಬಿಚ್ಚಿಟ್ಟೇ ಕೆಲಸ ಶುರು ಮಾಡಿ. ಗಡಿಯಾರವನ್ನು ಮತ್ತೆ ಸರಿ ಮಾಡಬೇಕಾದೀತು, ಅಷ್ಟೇ ತಾನೇ.

ಇಲ್ಲಿ ಒಂದು ಅಡ್ಡ ಮಾತು. ಕೆಲವರು ರೂಫ್ ಲೈಟು ಉರಿಯುವುದಿಲ್ಲ ಅಂತ ಎಲ್‌ಇಡಿ ತರಲು ಹೊರಡುತ್ತಾರೆ. ಹಳೆ ಕಾರಾದರೆ ಬಾಗಿಲಿನ ಚೌಕಟ್ಟಿನಲ್ಲಿರುವ ಆ ರಬ್ಬರ್ ಟೊಪ್ಪಿಯ ಸ್ವಿಚ್ಚನ್ನು ಮೊದಲು ಬಿಚ್ಚಿ ನೋಡಿ. ಉಪ್ಪಳ, ಕುಂಬಳೆ, ಮಂಜೇಶ್ವರದ ಕಡಲ ಗಾಳಿಗೂ ನಮ್ಮ ಮಳೆಗಾಲಕ್ಕೂ ಅದು ತುಕ್ಕು ಹಿಡಿಯದೆ ಉಳಿಯುವುದು ಕಷ್ಟ. ಸ್ವಲ್ಪ ಉಪ್ಪುಕಾಗದದಲ್ಲಿ ಉಜ್ಜಿದರೆ ಎಷ್ಟೋ ಸಲ ಹಳೆ ಬಲ್ಬೇ ಉರಿಯುತ್ತದೆ.

ಯಾವ ಎಲ್‌ಇಡಿ ತರಬೇಕು

ರೂಫ್ ಲೈಟಿಗೆ ಒಂದೂವರೆ ಎರಡು ವ್ಯಾಟಿನ ಎಲ್‌ಇಡಿ ಸಾಕು. ಪೊಟ್ಟಣದ ಮೇಲೆ ದೊಡ್ಡ ದೊಡ್ಡ ವ್ಯಾಟ್ ಬರೆದಿರುವುದನ್ನು ನಂಬಿ ತರಬೇಡಿ. ಮುಚ್ಚಳದ ಒಳಗೆ ಗಾಳಿಯಾಡುವುದಿಲ್ಲ, ಜಾಸ್ತಿ ಬಿಸಿಯಾಗುವ ಎಲ್‌ಇಡಿ ತಾನೂ ಬೇಗ ಸಾಯುತ್ತದೆ, ಮುಚ್ಚಳವನ್ನೂ ಹಳದಿ ಮಾಡುತ್ತದೆ. ಕ್ಯಾನ್‌ಬಸ್ ಅಂತ ಬರೆದ ಬಲ್ಬುಗಳಲ್ಲಿ ಬೇಕೆಂದೇ ಕರೆಂಟು ತಿನ್ನುವ ರೆಸಿಸ್ಟರ್ ಇರುತ್ತದೆ. ಬಲ್ಬು ಹೋದರೆ ಎಚ್ಚರಿಸುವ ಕಾರುಗಳಿಗಾಗಿ ಮಾಡಿದ್ದು ಅದು. ನಮ್ಮ ಸಾಮಾನ್ಯ ಕಾರಿಗೆ ಸುಮ್ನೆ ಬಿಸಿ.

ಬಣ್ಣದ ವಿಷಯದಲ್ಲಿ ನನ್ನದು ಸ್ವಲ್ಪ ಹಟ. 6000 ಕೆಲ್ವಿನ್‌ನ ನೀಲಿ ಬೆರೆತ ಬಿಳಿ ಅಂಗಡಿಯಲ್ಲಿ ಚಂದ ಕಾಣುತ್ತದೆ, ಕಾರಿನಲ್ಲಿ ಆಸ್ಪತ್ರೆಯಲ್ಲಿ ಕೂತ ಹಾಗೆ ಆಗುತ್ತದೆ. 3000ದಿಂದ 4000ದೊಳಗಿನದ್ದು ತನ್ನಿ. ಹುಳಗಳಿಗೂ ನೀಲಿ ಬೆರೆತ ಬೆಳಕೇ ಜಾಸ್ತಿ ಪ್ರೀತಿ. ಮೊದಲ ಮಳೆ ಬಿದ್ದ ಸಂಜೆ ಬಾಗಿಲು ತೆರೆದಿಟ್ಟು ಸಾಮಾನು ಇಳಿಸಿ ನೋಡಿ, ರೆಕ್ಕೆಯ ಗೆದ್ದಲೆಲ್ಲ ಸೀಟಿನ ಮೇಲೆ ಬಂದು ಬೀಳುತ್ತವೆ. ಹಳದಿ ಬೆಳಕಿಗೆ ಅಷ್ಟು ಬರುವುದಿಲ್ಲ.

ಕಾಲಿನ ಹತ್ತಿರಕ್ಕೆ ಸ್ಟ್ರಿಪ್ ಬೇಕು. ಮೇಲೆ ಸಿಲಿಕೋನ್ ಪದರ ಇರುವ ಐಪಿ65 ಸ್ಟ್ರಿಪ್ಪೇ ಇರಲಿ. ಜೂನ್ ಬಂದರೆ ಒದ್ದೆ ಕೊಡೆ, ಕೆಸರು ಚಪ್ಪಲಿ ಎಲ್ಲ ಅಲ್ಲೇ ಅಲ್ವಾ ಇಡುವುದು. ಬಣ್ಣ ಬದಲಾಗುವ, ಹಾಡಿಗೆ ಕುಣಿಯುವ, ಮೊಬೈಲಿನಲ್ಲಿ ಆಡಿಸುವ ಸ್ಟ್ರಿಪ್‌ಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಕಾರಣ ಕೊನೆಗೆ ಹೇಳುತ್ತೇನೆ.

ಉಳಿದ ಸಾಮಾನು: ಕೆಂಪು ಕಪ್ಪು ಬಣ್ಣದ 0.5 ಚದರ ಮಿಲಿಮೀಟರಿನ ಹಲವು ಎಳೆಯ ವಯರ್ ಮೂರು ಮೀಟರ್, ಫ್ಯೂಸ್ ಟ್ಯಾಪ್ ಒಂದು, 2 ಆಂಪಿಯರಿನ ಫ್ಯೂಸ್ (ಬೂದು ಬಣ್ಣದ್ದು), ಬಿಸಿಗೆ ಕುಗ್ಗುವ ಸ್ಲೀವ್, ಕೇಬಲ್ ಟೈ, ಬಟ್ಟೆಯ ವಯರಿಂಗ್ ಟೇಪು, 25 ವ್ಯಾಟಿನ ಸೋಲ್ಡರಿಂಗ್ ಐರನ್, ಒಂದು ಮಲ್ಟಿಮೀಟರ್. ಮನೆ ವಯರಿಂಗಿನಲ್ಲಿ ಉಳಿದ ಒಂಟಿ ಎಳೆಯ ಗಟ್ಟಿ ವಯರ್ ಬೇಡ, ಕಾರಿನ ಅಲುಗಾಟಕ್ಕೆ ಒಳಗೇ ತುಂಡಾಗುತ್ತದೆ. ಕಪ್ಪು ಪಿವಿಸಿ ಇನ್ಸುಲೇಷನ್ ಟೇಪೂ ಬೇಡ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಸಿ 60 ಡಿಗ್ರಿ ದಾಟುತ್ತದೆ. ಏಪ್ರಿಲ್ ಮೇ ಕಳೆಯುವಾಗ ಆ ಟೇಪು ಹಲಸಿನ ಮೇಣದ ಹಾಗೆ ಆಗಿ ಬಿಚ್ಚಿಕೊಂಡಿರುತ್ತದೆ.

ರೂಫ್ ಲೈಟು

ಇದು ಎರಡು ನಿಮಿಷದ ಕೆಲಸ. ಹಳೆ ಬಲ್ಬು ಇದ್ದಲ್ಲಿ ಎಲ್‌ಇಡಿ ಕೂರಿಸಿ, ಬ್ಯಾಟರಿ ಜೋಡಿಸಿ, ಸ್ವಿಚ್ ಹಾಕಿ. ಉರಿಯದಿದ್ದರೆ ಹಾಳಾಗಿದೆ ಅಂತ ಅಂಗಡಿಗೆ ಓಡಬೇಡಿ. ಎಲ್‌ಇಡಿಗೆ ಪ್ಲಸ್ ಮೈನಸ್ ಭೇದ ಉಂಟು, ತಿರುಗಿಸಿ ಹಾಕಿ. ಕ್ಲಿಪ್ ಸಡಿಲ ಅನ್ನಿಸಿದರೆ ಬ್ಯಾಟರಿ ಬಿಚ್ಚಿ ಎರಡೂ ಕ್ಲಿಪ್ಪನ್ನು ಬೆರಳಲ್ಲಿ ಸ್ವಲ್ಪ ಒಳಕ್ಕೆ ಒತ್ತಿ. ಸಡಿಲ ಬಿಟ್ಟರೆ ಹೊಂಡಕ್ಕೆ ಇಳಿದಾಗಲೆಲ್ಲ ಮಿನುಗುತ್ತದೆ.

ಹೊಸ ಕಾರುಗಳಲ್ಲಿ ಬಾಗಿಲು ಮುಚ್ಚಿದ ಮೇಲೆ ಲೈಟು ನಿಧಾನ ಮಂಕಾಗಿ ಹೋಗುತ್ತದೆ. ಅಂಥ ಕಾರಿನಲ್ಲಿ ಎಲ್‌ಇಡಿ ಪೂರ್ತಿ ಆರದೆ ಮಿಣಿಮಿಣಿ ಉಳಿದರೆ ಹೆದರಬೇಡಿ. ಲೈಟನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯಿಂದ, ಅಂದರೆ ಕಂಟ್ರೋಲ್ ಮಾಡ್ಯೂಲಿನಿಂದ, ಸೋರುವ ಅತಿ ಸಣ್ಣ ಕರೆಂಟಿಗೂ ಎಲ್‌ಇಡಿ ಉರಿಯುತ್ತದೆ, ಹಳೆ ಬಲ್ಬಿಗೆ ಅದು ಗೊತ್ತೂ ಆಗುತ್ತಿರಲಿಲ್ಲ. ನೋಡಲು ಕಿರಿಕಿರಿ ಆದರೆ ಬೇರೆ ತಯಾರಿಕೆಯ ಬಲ್ಬು ಹಾಕಿ ನೋಡಬಹುದು.

ಕಾಲಿನ ಹತ್ತಿರದ ಬೆಳಕು

ಅಸಲಿ ಕೆಲಸ ಇಲ್ಲಿ. ಮೊದಲು ವ್ಯಾಟಿನ ಲೆಕ್ಕ. ಹಳೆ ರೂಫ್ ಬಲ್ಬು 10 ವ್ಯಾಟ್ ಅಂತಿಟ್ಟುಕೊಳ್ಳಿ. ಈಗ ಅಲ್ಲಿ ಒಂದೂವರೆ ವ್ಯಾಟ್. ಉಳಿದದ್ದು ಎಂಟೂವರೆ. 5050 ಸ್ಟ್ರಿಪ್ಪಿನ 20 ಸೆಂಟಿಮೀಟರ್ ತುಂಡು ಸುಮಾರು 2.9 ವ್ಯಾಟ್. ಚಾಲಕನ ಕಡೆ ಒಂದು, ಆಚೆ ಕಡೆ ಒಂದು, ಒಟ್ಟು 5.8. ಎಲ್ಲ ಸೇರಿದರೂ ಏಳು ಚಿಲ್ಲರೆ. ಅಂದರೆ ಬಾಗಿಲಿನ ಸ್ವಿಚ್ಚಿಗಾಗಲಿ ಮಾಡ್ಯೂಲಿಗಾಗಲಿ ಮೊದಲಿಗಿಂತ ಕಡಿಮೆ ಹೊರೆ. ಹಳೆ ಬಲ್ಬು 5 ವ್ಯಾಟಿನದ್ದಾದರೆ ಸ್ವಲ್ಪ ಬಡ 3528 ಸ್ಟ್ರಿಪ್ ಹಾಕಿ. ಮೀಟರಿಗೆ 60ರ ಲೆಕ್ಕದಲ್ಲಿ ಅದು 4.8 ವ್ಯಾಟ್ ಮಾತ್ರ, 20 ಸೆಂಟಿಮೀಟರಿಗೆ ಒಂದು ವ್ಯಾಟೂ ಬೀಳದು. ಬಿದ್ದ ಚಿಲ್ಲರೆ ಹುಡುಕಲು ಅದೂ ಧಾರಾಳ.

ಸ್ಟ್ರಿಪ್ಪನ್ನು ಎಲ್ಲೆಂದರಲ್ಲಿ ಕತ್ತರಿಸುವ ಹಾಗಿಲ್ಲ. ಒಳಗೆ ಮೂರು ಮೂರು ಎಲ್‌ಇಡಿ ಒಂದು ರೆಸಿಸ್ಟರಿನ ಜೊತೆ ಸಾಲಾಗಿರುತ್ತದೆ. ಪ್ರತಿ ಮೂರಕ್ಕೆ, ಅಂದರೆ 5 ಸೆಂಟಿಮೀಟರಿಗೆ, ತಾಮ್ರದ ಚುಕ್ಕೆಗಳ ನಡುವೆ ಒಂದು ಗೆರೆ ಇರುತ್ತದೆ. ಅಲ್ಲೇ ಕತ್ತರಿಸಿ. ತುದಿಯ ಸಿಲಿಕೋನನ್ನು ಬ್ಲೇಡಿನಲ್ಲಿ ಕೆರೆದು ತಾಮ್ರ ಹೊಳೆಯುವ ಹಾಗೆ ಮಾಡಿ. ತಾಮ್ರಕ್ಕೆ ಮೊದಲೊಂದು ಹನಿ ಸೀಸ, ವಯರಿಗೂ ಒಂದು ಹನಿ, ಆಮೇಲೆ ಎರಡನ್ನೂ ಸೇರಿಸಿ ಐರನ್ ಮುಟ್ಟಿಸಿ. ಮೂರು ಸೆಕೆಂಡಿನೊಳಗೆ ಕೈ ತೆಗೆಯಿರಿ, ಜಾಸ್ತಿ ಹೊತ್ತು ಇಟ್ಟರೆ ತಾಮ್ರದ ಚುಕ್ಕೆ ಎದ್ದೇ ಬರುತ್ತದೆ. ಸ್ಲೀವನ್ನು ಮೊದಲೇ ವಯರಿಗೆ ತೂರಿಸಿಟ್ಟುಕೊಳ್ಳಲು ಮರೆಯಬೇಡಿ. ನಾನು ಪ್ರತಿ ಸಲ ಮರೆಯುತ್ತೇನೆ. ಸೋಲ್ಡರಿಂಗಿಗೆ ಬದಲು ಒತ್ತಿ ಕೂರಿಸುವ ಪ್ಲಾಸ್ಟಿಕ್ ಕನೆಕ್ಟರ್ ಸಿಗುತ್ತದೆ. ಮನೆ ಶೋಕೇಸಿಗೆ ಸರಿ, ನಮ್ಮ ರಸ್ತೆಯಲ್ಲಿ ಆರು ತಿಂಗಳು ತಡೆದರೆ ಹೆಚ್ಚು.

ಪ್ಲಸ್ ಎಲ್ಲಿಂದ? ಡ್ಯಾಶ್‌ಬೋರ್ಡಿನ ಕೆಳಗಿನ ಫ್ಯೂಸ್ ಬಾಕ್ಸಿನಿಂದ. ಮುಚ್ಚಳದ ಒಳಗೆ ಚಿತ್ರ ಇರುತ್ತದೆ, ಡೋಮ್ ಅಥವಾ ರೂಮ್ ಅಂತ ಬರೆದ ಫ್ಯೂಸನ್ನು ಹುಡುಕಿ. ಅದನ್ನು ಕಿತ್ತು ಅಲ್ಲಿ ಫ್ಯೂಸ್ ಟ್ಯಾಪ್ ಕೂರಿಸಬೇಕು. ಟ್ಯಾಪಿನ ಒಂದು ಗೂಡಿಗೆ ಕಿತ್ತ ಹಳೆ ಫ್ಯೂಸ್, ಇನ್ನೊಂದಕ್ಕೆ ನಿಮ್ಮ 2 ಆಂಪಿಯರ್. ಇದರಿಂದ ಕಂಪನಿಯ ಒಂದು ವಯರನ್ನೂ ಕತ್ತರಿಸಬೇಕಾಗಿಲ್ಲ. ಬೇಡವಾದ ದಿನ ಟ್ಯಾಪ್ ಕಿತ್ತರೆ ಕಾರು ಮೊದಲಿನ ಹಾಗೆ. ವಾರಂಟಿ ಇರುವ ಕಾರಿನವರಿಗೆ ಇದು ದೊಡ್ಡ ವಿಷಯ. ಟ್ಯಾಪ್ ಕೊಳ್ಳುವಾಗಲೂ ಹಳೆ ಫ್ಯೂಸ್ ತೋರಿಸಿ, ಅದರಲ್ಲೂ ಮಿನಿ, ಗಿಡ್ಡ ಮಿನಿ, ಮೈಕ್ರೊ ಅಂತ ಗಾತ್ರಗಳಿವೆ. ಏರ್‌ಬ್ಯಾಗ್, ಎಬಿಎಸ್, ಸ್ಟೀರಿಂಗ್, ಎಂಜಿನ್ ಅಂತ ಬರೆದ ಫ್ಯೂಸಿಗೆ ಮಾತ್ರ ಕೈ ಹಾಕಲೇಬೇಡಿ.

ಎರಡು ಆಂಪಿಯರ್ ಯಾಕೆ, ಹಳೆ ಫ್ಯೂಸೇ ಉಂಟಲ್ಲ ಅಂತ ಕೇಳಬಹುದು. ಹಳೆ ಫ್ಯೂಸ್ 10 ಅಥವಾ 15 ಆಂಪಿಯರಿನದ್ದು. ನೀವು ಎಳೆದ ತೆಳು ವಯರ್ ಎಲ್ಲಾದರೂ ಉಜ್ಜಿ ತಗಡಿಗೆ ತಾಗಿದರೆ ಆ ಫ್ಯೂಸ್ ಹೋಗುವ ಮೊದಲೇ ವಯರ್ ಸುಡಬಹುದು. ಇಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಳೆಗಾಲದಲ್ಲಿ ತೋಟದ ಮನೆಯ ಶೆಡ್ಡಿನಲ್ಲಿ ನಿಲ್ಲುವ ಕಾರಿನ ವಯರ್ ಇಲಿಗೆ ರುಚಿಯೋ ರುಚಿ.

ಮೈನಸ್ ಎಲ್ಲಿಂದ ಅನ್ನುವುದರಲ್ಲೇ ಜಾಣತನ ಇರುವುದು. ಹಳೆ ಬಗೆಯ ಕಾರುಗಳಲ್ಲಿ ಬಾಗಿಲಿನ ಸ್ವಿಚ್ ರೂಫ್ ಲೈಟಿನ ಮೈನಸ್ಸನ್ನು ಬಾಡಿಗೆ ಸೇರಿಸುತ್ತದೆ. ನಿಮ್ಮ ಸ್ಟ್ರಿಪ್ಪಿನ ಮೈನಸ್ಸನ್ನೂ ಆ ಸ್ವಿಚ್ಚಿನ ವಯರಿಗೇ ಸೇರಿಸಿದರೆ ಆಯಿತು, ಬಾಗಿಲು ತೆಗೆದಾಗ ಎರಡೂ ಒಟ್ಟಿಗೆ ಉರಿಯುತ್ತವೆ. ಬೇರೆ ಸ್ವಿಚ್ ಬೇಡ, ಮೊಣಕಾಲು ತಾಗುವ ಪ್ರಶ್ನೆಯೂ ಇಲ್ಲ. ಸರಿಯಾದ ವಯರ್ ಅದೇ ಹೌದಾ ಅಂತ ನೋಡಲು ಹಳೆ ಬಲ್ಬು ಇರುವಾಗಲೇ, ರೂಫ್ ಲೈಟನ್ನು ಡೋರ್ ಕಡೆಗೆ ಇಟ್ಟು, ಮೀಟರಿನ ಕಪ್ಪು ಕಡ್ಡಿಯನ್ನು ಬಾಡಿಗೆ, ಕೆಂಪನ್ನು ಆ ವಯರಿಗೆ ಹಿಡಿಯಿರಿ. ಎಲ್ಲ ಬಾಗಿಲು ಮುಚ್ಚಿದಾಗ 12 ವೋಲ್ಟಿನ ಆಸುಪಾಸು, ಆ ಬಾಗಿಲು ತೆಗೆದಾಗ ಸೊನ್ನೆ ಬರಬೇಕು. ಹಾಗೆ ಬಾರದಿದ್ದರೆ ನಿಮ್ಮದು ಮಾಡ್ಯೂಲಿನಿಂದ ನಡೆಯುವ ಕಾರು. ಅಂಥದ್ದರಲ್ಲಿ ಬಾಗಿಲಿನ ವಯರ್ ಬರಿ ಸುದ್ದಿ ಮುಟ್ಟಿಸುವ ವಯರ್, ಹೊರೆ ಹೊರುವುದಲ್ಲ. ಅದಕ್ಕೆ ಸ್ಟ್ರಿಪ್ ಸೇರಿಸಬೇಡಿ. ಗೊತ್ತಿರುವ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.

ವಯರನ್ನು ಬಾಗಿಲಿನ ಕೆಳಗಿನ ಪ್ಲಾಸ್ಟಿಕ್ ಪಟ್ಟಿಯ ಅಡಿಯಲ್ಲಿ, ಮೊದಲೇ ಇರುವ ವಯರ್ ಕಟ್ಟಿನ ಜೊತೆ ಕೊಂಡೊಯ್ಯಿರಿ. ಗಾಜಿನ ಪಕ್ಕದ ಕಂಬದ ಮೇಲೆ ಏರ್‌ಬ್ಯಾಗ್ ಅಂತ ಬರೆದಿದ್ದರೆ ಅದನ್ನು ಬಿಚ್ಚುವುದೇ ಬೇಡ. ಎಲ್ಲಿಯಾದರೂ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದ್ದು, ಮುಟ್ಟಬೇಡಿ, ಮೀಟರ್ ಕೂಡ ಹಿಡಿಯಬೇಡಿ.

ಇನ್ನು ಅಂಟಿಸುವುದು. ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಕೂತವರ ಕಣ್ಣಿಗೆ ಎಲ್‌ಇಡಿ ನೇರ ಕಾಣದಷ್ಟು ಒಳಗೆ, ಮುಖ ಕೆಳಗೆ. ಜಾಗವನ್ನು ಸ್ಪಿರಿಟಿನಲ್ಲಿ ಒರೆಸಿ ಪೂರ್ತಿ ಒಣಗಿಸಿ. ಮಳೆ ಹೊಯ್ಯುವ ದಿನ ಈ ಕೆಲಸ ಬೇಡ, ಗಾಳಿಯ ಪಸೆಗೇ ಅಂಟು ಹಿಡಿಯುವುದಿಲ್ಲ. ಹಿಂದಿನ ಗಮ್ಮನ್ನು ಮಾತ್ರ ನಂಬಬೇಡಿ, ಎರಡೂ ತುದಿಗೆ ಕೇಬಲ್ ಟೈ ಹಾಕಿ. ನನ್ನ ಮೊದಲಿನ ಸ್ಟ್ರಿಪ್ ಮೇ ತಿಂಗಳಲ್ಲಿ ಅಂಟು ಬಿಟ್ಟು ಜೋತು, ಕ್ಲಚ್ ಪೆಡಲಿಗೆ ಬಳ್ಳಿಯ ಹಾಗೆ ಸುತ್ತಿಕೊಂಡಿತ್ತು. ಕ್ಲಚ್ ಆದ್ದರಿಂದ ಬಚಾವ್. ಬ್ರೇಕ್ ಆಗಿದ್ದರೆ? ಪೆಡಲ್ ಮತ್ತು ಸ್ಟೀರಿಂಗ್ ದಂಡ ಆಡುವ ಜಾಗದಿಂದ ಒಂದು ಗೇಣು ದೂರ ಇರಲಿ. ಕೂತು ಮೂರೂ ಪೆಡಲನ್ನು ಪೂರ್ತಿ ಒತ್ತಿ, ಸ್ಟೀರಿಂಗನ್ನು ಎರಡೂ ಕಡೆ ಕೊನೆವರೆಗೆ ತಿರುಗಿಸಿ, ಯಾವ ವಯರೂ ಅಲುಗುವುದಿಲ್ಲ ಅಂತ ನೋಡಿದ ಮೇಲೆಯೇ ಏಳಿ.

ಬಣ್ಣದ ಲೈಟು ಯಾಕೆ ಬೇಡ

ರಾತ್ರಿ ಓಡಿಸುವಾಗ ಒಳಗೆ ಬೆಳಕಿದ್ದರೆ ಮುಂದಿನ ಗಾಜು ಕನ್ನಡಿಯಾಗುತ್ತದೆ. ರಸ್ತೆಯ ಬದಲು ನಿಮ್ಮ ಡ್ಯಾಶ್‌ಬೋರ್ಡೇ ಕಾಣುತ್ತದೆ. ಕಣ್ಣು ಒಳಗಿನ ಬೆಳಕಿಗೆ ಹೊಂದಿಕೊಂಡರೆ ಹೊರಗಿನ ಕತ್ತಲೆಯಲ್ಲಿ ನಡೆಯುವವರು ಕಾಣುವುದಿಲ್ಲ. ತಲಪಾಡಿಯಿಂದ ಕಾಸರಗೋಡಿಗೆ ರಾತ್ರಿ ಹೈವೇಯಲ್ಲಿ ಬಂದವರಿಗೆ ಎದುರಿನ ಹೈಬೀಮೇ ಸಾಕಾಗಿರುತ್ತದೆ. ಬಾಗಿಲು ಮುಚ್ಚಿದಾಗ ಆರುವ ಲೈಟೇ ಇರಲಿ ಅಂದದ್ದು ಅದಕ್ಕೆ.

ಇನ್ನೊಂದು, ನಾವಿರುವುದು ಕೇರಳದಲ್ಲಿ. 2022ರ ಅಕ್ಟೋಬರಿನಲ್ಲಿ ಪಾಲಕ್ಕಾಡಿನ ವಡಕ್ಕಂಚೇರಿಯಲ್ಲಿ ಟೂರಿಸ್ಟ್ ಬಸ್ಸೊಂದು ಕೆಎಸ್‌ಆರ್‌ಟಿಸಿ ಬಸ್ಸಿಗೆ ಹೊಡೆದು 9 ಮಂದಿ ತೀರಿಕೊಂಡ ಮೇಲೆ ಬಣ್ಣದ ಲೈಟುಗಳ ವಿಷಯದಲ್ಲಿ ಹೈಕೋರ್ಟೂ ಮೋಟಾರು ವಾಹನ ಇಲಾಖೆಯೂ ಬಿಗಿಯಾಗಿವೆ. ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ ವಾಹನದ ಮಾಲಕನಿಗೆ 5,000 ರೂಪಾಯಿ ದಂಡ ಬೀಳಬಹುದು. ಕೆಎಲ್ 14 ಬೋರ್ಡಿನ ಕಾರಿನ ಗಾಜಿನಿಂದ ಕೆಂಪು ನೀಲಿ ಹೊರಗೆ ಮಿನುಗಿದರೆ ತಡೆದು ನಿಲ್ಲಿಸಿದವರಿಗೆ ಏನು ಹೇಳುತ್ತೀರಿ?

ಕೊನೆಯ ಪರೀಕ್ಷೆ

ಎಲ್ಲ ಆದ ಮೇಲೆ ಕಾರು ನಿಂತಿರುವಾಗ ಬ್ಯಾಟರಿ ಎಷ್ಟು ಸೋರುತ್ತದೆ ಅಂತ ಅಳೆಯಿರಿ. ಬಾನೆಟ್ ತೆರೆದಿಟ್ಟು, ಬಾಗಿಲುಗಳನ್ನೆಲ್ಲ ಮುಚ್ಚಿ, ಕೀ ತೆಗೆದು, ಬ್ಯಾಟರಿಯ ಮೈನಸ್ ಬಿಚ್ಚಿ. ಮಲ್ಟಿಮೀಟರನ್ನು 10 ಆಂಪಿಯರಿಗಿಟ್ಟು, ಕೆಂಪು ಕಡ್ಡಿಯನ್ನು ಅದರ 10ಎ ತೂತಿಗೆ ಬದಲಿಸಿ, ಬಿಚ್ಚಿದ ಕೇಬಲಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಸೇರಿಸಿ. ಮೀಟರ್ ಹಾಗೆ ಇರುವಾಗ ಸ್ಟಾರ್ಟ್ ಮಾಡಬಾರದು, ಮೀಟರೇ ಹೋಗುತ್ತದೆ. ಶುರುವಿನಲ್ಲಿ ಜಾಸ್ತಿ ತೋರಿಸಬಹುದು, ಹೊಸ ಕಾರಿನ ಮಾಡ್ಯೂಲುಗಳು ಮಲಗಲು ಹೊತ್ತು ಬೇಕು. ಒಂದು ಚಹಾ ಕುಡಿದು ಅರ್ಧ ಗಂಟೆ ಬಿಟ್ಟು ಬನ್ನಿ. 50 ಮಿಲಿಆಂಪಿಯರಿಗಿಂತ ಕೆಳಗಿದ್ದರೆ ಸರಿ. ಮೇಲಿದ್ದರೆ ನೀವು ಹಾಕಿದ ಆ ಬೂದು ಫ್ಯೂಸನ್ನು ಕಿತ್ತು, ಕಾರು ಮತ್ತೆ ಮಲಗುವವರೆಗೆ ಕಾದು ಮೀಟರ್ ನೋಡಿ. ಸಂಖ್ಯೆ ಇಳಿದರೆ ತಪ್ಪು ನಿಮ್ಮ ವಯರಿಂಗಿನಲ್ಲಿದೆ. ಇಳಿಯದಿದ್ದರೆ ಸೋರಿಕೆ ಮೊದಲೇ ಇತ್ತು, ಸ್ಟೀರಿಯೊದಿಂದ ಹುಡುಕಲು ಶುರು ಮಾಡಿ.